ಉಬ್ಬರದ ಗೆರೆ

ಕಾಂತಾ ಅಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು: "ಅಕ್ಕಾರ, ನಿಮ್ಮ ಅಪ್ಪಾರ ಹಳೇ ದಿನಚರಿ ಎಲ್ಲೈತ್ರಿ?"

ತಿರುಗಿ ನೋಡಿದಳು. ಅಪ್ಪ ಸರ್ವೇಯರ್ ಆಗಿ ದುಡಿದಿದ್ದ ಕಚೇರಿಯ ಈಗಿನ ಅಧಿಕಾರಿ ಪ್ರಸಾದ. ಕೈಯಲ್ಲಿ ದೊಡ್ಡ ಹಾರ. ಅನಗೋಳದ ಆ ಮನೆಯ ಪಡಸಾಲೆಯಲ್ಲಿ ತೀರಿಹೋದ ಅಪ್ಪ ದುಂಡಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು.

"ಯಾಕ ಬೇಕ್ರಿ?"

"ಆಫೀಸಿನ ಸಾಮಾನು ಅಲ್ಲೇನ್ರಿ ಅದು? ಇವತ್ತ ಕೊಟ್ಟಬಿಟ್ರ ನಿಮಗೂ ತ್ರಾಸ ಇರೂದಿಲ್ಲ."

ನಾಳೆ ಕಾರವಾರದಲ್ಲಿ ಜೌಗು ನೆಲದ ವಿಚಾರಣೆ. ಅದಕ್ಕೇ ಈ ಅವಸರ. ಕಾಂತಾಳ ಕಣ್ಣೀರು ಅಲ್ಲೇ ಇಂಗಿತು.

*

ಹಿಂದಿನ ತಿಂಗಳು, ನೆಹರು ನಗರದ ಆಸ್ಪತ್ರೆಯಲ್ಲಿ, ಕರಾವಳಿಯಿಂದ ಹುಡುಕಿಕೊಂಡು ಬಂದ ಕಾಡವ್ವ ಒಂದು ಹೊಸ ನಕ್ಷೆ ಬಿಚ್ಚಿದ್ದಳು. ಕಪ್ಪೆಚಿಪ್ಪು ಆಯ್ದು ಬದುಕುವ ಹೆಂಗಸು. ಅವಳ ಹೊಟ್ಟೆ ಹೊರೆಯುವ ಜೌಗು, ನಲವತ್ತೈದು ವರ್ಷಗಳ ಹಿಂದೆ ದುಂಡಪ್ಪ ಸೊಂಟದ ತನಕ ಕೆಸರಿನಲ್ಲಿ ನಿಂತು ಅಳೆದಿದ್ದ ಜೌಗು, ಆ ನಕ್ಷೆಯಲ್ಲಿ ಇರಲೇ ಇಲ್ಲ. 'ಒಣ ಸರ್ಕಾರಿ ಭೂಮಿ' ಎಂದಿತ್ತು. ಕೆಳಗೆ ಪ್ರಸಾದನ ಸಹಿ. ಯಾವುದೋ ಕಂಪನಿಗೆ ಕೊಡುವುದಿತ್ತು. ಹಳೆಯ ನಕ್ಷೆ ಕಚೇರಿಯಲ್ಲಿ ಸಿಗುತ್ತಿಲ್ಲವಂತೆ.

ಸಲಾಯಿನ್ ಹಚ್ಚಿದ ಕೈಯೂರಿಯೇ ದುಂಡಪ್ಪ ಎದ್ದು ಕೂತರು. "ದಿನಕ್ಕ ಎರಡ ಸಲ ಸಮುದ್ರ ಬಂದು ಹೋಗೂ ನೆಲಾ ಅದು! ಉಬ್ಬರ ಎಲ್ಲಿ ತನಕ ಏರತೈತಿ ಅಂತ ಎಂಟು ತಿಂಗಳ ಗೂಟಾ ಬಡದು ಬರದೇನಿ. ಒಣಾ ಅಂತ ಬರಿಯಾಕ ಕೈ ಹೆಂಗ ಬಂತು ಅವಂಗ?"

ವಿಚಾರಣೆಗೆ ತಾವೇ ಬಂದು ಸಾಕ್ಷಿ ಹೇಳುವುದಾಗಿ ಮಾತು ಕೊಟ್ಟರು. ಆಮೇಲೆ ಆ ಅಳತೆ ಬರೆದಿಟ್ಟಿದ್ದ ದಿನಚರಿ ತರಿಸಿಕೊಂಡು, ಬೆರಳಿಟ್ಟು, ಒಂದೊಂದೇ ಪುಟ ಓದುವುದನ್ನು ಮಗಳಿಗೆ ಕಲಿಸಿದರು.

*

"ಅದು ಅಪ್ಪಾರ ಸ್ವಂತದ್ದು," ಎಂದಳು ಕಾಂತಾ, ತಾಳ ನಿಲ್ಲುವಷ್ಟು ಗಟ್ಟಿಯಾಗಿ. "ಮುಂದ ಕುಂತಾರ ನೋಡ್ರಿ. ಬೇಕಾದ್ರ ಅವರನ್ನ ಕೇಳ್ರಿ."

ಮಂದಿಯೆಲ್ಲ ತಿರುಗಿ ನೋಡಿದರು. ಪ್ರಸಾದ ಹೆಣದ ಎದುರು ಕತ್ತು ಎತ್ತಲಾರದೆ ನಿಂತ. ತಾಯಿ ಗಂಗಾದೇವಿ ಎದ್ದು ಬಂದು ಅವನ ಕೈಯಿಂದ ಹಾರ ತೆಗೆದುಕೊಂಡು ಹೊಸ್ತಿಲಾಚೆ ಇಟ್ಟರು. "ಅವರು ಅಳತಿ ಮಾಡಿದ್ದನ್ನ ಸುಳ್ಳ ಮಾಡೀರಿ. ಈಗ ಹೂವ ಹಾಕಬ್ಯಾಡ್ರಿ. ನಡೀರಿ."

ಅವನು ಹೋದ ಮೇಲೆ ಮಗಳ ಕಡೆ ತಿರುಗಿದರು. "ಹನ್ನೆರಡಕ್ಕ ಕಾರವಾರದ ಬಸ್ ಐತಿ. ಹೋಗು."

"ಅವ್ವಾ, ನಾ ಮಣ್ಣ ಕೊಡಬ್ಯಾಡೇನು?"

"ಮಣ್ಣ ಕೊಡಾಕ ಊರಿಗೂರ ಐತಿ. ಅಲ್ಲಿ ಹೇಳಾಕ ಯಾರದಾರ?"

ಕಾಂತಾ ಅಪ್ಪನ ಪಾದಕ್ಕೆ ಹಣೆ ಮುಟ್ಟಿಸಿದಳು. ದಿನಚರಿ ಎತ್ತಿಕೊಂಡು ಹೊರಟಳು.

ಖಾನಾಪುರದಲ್ಲಿ ಬಸ್ ನಿಂತಾಗ ಗಂಟೆ ಒಂದು. ಅನಗೋಳದಲ್ಲಿ ಈಗ ಅಪ್ಪನನ್ನು ಕುಣಿಗೆ ಇಳಿಸುತ್ತಿರುತ್ತಾರೆ. ಕಾಂತಾ ಸೀಟಿನ ಕೆಳಗೆ ಚಪ್ಪಲಿ ಕಳಚಿ ಎದ್ದು ನಿಂತಳು. ಬಾಜೂದ ಮುದುಕಿ "ಬಾಯಿ, ಬಸಾ ಕಿ" ಎಂದು ಮರಾಠಿಯಲ್ಲಿ ಕೂರಲು ಹೇಳಿ ಸೆರಗು ಜಗ್ಗಿದಳು. ಬಸ್ ಊರು ದಾಟಿ ಕಾಡಿನ ದಾರಿ ಹಿಡಿದರೂ ಕಾಂತಾ ಬರಿಗಾಲಲ್ಲಿ ನಿಂತೇ ಇದ್ದಳು.