ಮನೆಯಲ್ಲೇ ಸಿಕ್ಕ ಉಡುಗೊರೆ

"ಅಂಗಡಿಯಿಂದ ತಂದಿದ್ದು ಅಂತ ಗೊತ್ತಾದ್ರೆ ನೀವು ಔಟ್, ಅಪ್ಪ!"

ಮಗಳು ಕಾನೂನು ಮಾಡಿಬಿಟ್ಟಿದ್ದಳು. ಕೈ ಬಿಗಿಯಾದ ವರ್ಷ. ಈ ಕ್ರಿಸ್‌ಮಸ್‌ಗೆ ಯಾರೂ ಏನನ್ನೂ ಕೊಳ್ಳುವಂತಿಲ್ಲ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಮನೆಯಲ್ಲೇ ಹುಡುಕಿ, ಹಳೇ ಪೇಪರಿನಲ್ಲಿ ಸುತ್ತಿ ಕೊಡಬೇಕು.

ಅಪ್ಪನಿಗೆ ಒಳಗೊಳಗೇ ಹಾಯೆನಿಸಿತ್ತು. ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಹಾಕುವ ಕೆಲಸ ಅವನದು. ಹತ್ತೊಂಬತ್ತು ವರ್ಷದಲ್ಲಿ ಒಂದನ್ನೂ ತಪ್ಪು ಕಪಾಟಿಗೆ ಸೇರಿಸಿದವನಲ್ಲ.

ಚರ್ಚಿನಿಂದ ಬಂದು, ಊಟ ಮುಗಿಸಿ, ಅವನು, ಹೆಂಡತಿ, ಮಗಳು, ಹೆಂಡತಿಯ ತಾಯಿ, ನಾಲ್ವರೂ ನೆಲದ ಮೇಲೆ ಸುತ್ತ ಕೂತರು. ಅತ್ತೆಯ ಒಂಟಿ ಓಲೆಗೆ ಜೋಡಿ ಸಿಕ್ಕಿತು. "ಕಿವಿ ಇನ್ನೂ ಇದೆಯಲ್ಲ, ಪುಣ್ಯ" ಎಂದರು. ಮಗಳಿಗೆ ಮೂರೇ ಕಾಲಿನ ಮರದ ಕುದುರೆ. ಅದಕ್ಕೊಂದು ಮುತ್ತು ಕೊಟ್ಟಳು. ಹೆಂಡತಿಗೆ ಅವನು ಹುಡುಕಿಟ್ಟ ಅವಳ ಶಾಲೆಯ ಫೋಟೊ. ಮನೆ ತುಂಬ ನಗು. ಅವನೂ ನಕ್ಕ. ನಿಜವಾಗಿಯೇ ನಕ್ಕ ಅನ್ನಿ.

ಕೊನೆಗೆ ಹೆಂಡತಿ ಅವನ ಮಡಿಲಿಗೆ ಒಂದು ಪೊಟ್ಟಣ ಹಾಕಿದಳು. ಬಿಚ್ಚಿದರೆ ಮೌತ್ ಆರ್ಗನ್.

"ಚೆನ್ನಾಗಿದೆ," ಎಂದ. "ಯಾರದಿದು?"

ಹೆಂಡತಿಯ ಕೈ ಪೇಪರಿನ ಮೇಲೇ ನಿಂತಿತು. "ನಿಮ್ದೇ ಕಣ್ರೀ. ಬಸ್ ಸ್ಟಾಪಲ್ಲಿ ದಿನಾ ನುಡಿಸ್ತಿದ್ರಿ. ಅದನ್ನ ಕೇಳಿಯೇ ಅಲ್ವಾ ನಾನು ಬಿದ್ದಿದ್ದು?"

"ಬಿದ್ದವಳು ಇನ್ನೂ ಎದ್ದಿಲ್ಲ," ಎಂದರು ಅತ್ತೆ. ಯಾರೂ ನಗಲಿಲ್ಲ.

ಅವನು ನೆನಪಿನೊಳಗೆಲ್ಲ ತಡಕಾಡಿದ. ಬಸ್ ಸ್ಟಾಪು ಇತ್ತು, ಅವಳ ನೀಲಿ ಕೊಡೆ ಇತ್ತು. ನುಡಿಸುವವನು ಇರಲಿಲ್ಲ.

"ಅಯ್ಯೋ, ಅಪ್ಪ ನಾಟಕ ಆಡ್ತಿದಾರೆ!" ಮಗಳು ಚಪ್ಪಾಳೆ ತಟ್ಟಿದಳು.

"ಮತ್ತಿನ್ನೇನು?" ಎಂದ. "ನಾಟಕವೇ."

ಹೆಂಡತಿಯ ಮುಖಕ್ಕೆ ಜೀವ ಬಂತು. "ಹಾಗಾದ್ರೆ ನುಡಿಸಿ, ನೋಡೋಣ."

ತುಟಿಗಿಟ್ಟ. ಹಾಡು ಬಂತು; ಒಂದು ಸ್ವರವೂ ತಪ್ಪದೆ ಬಂತು. ಉಸಿರಿಗೆ ದಾರಿ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ನುಡಿಸುತ್ತಿರುವಂತೆ ಅವನು ಕೇಳಿಸಿಕೊಂಡ; ಪರವಾಗಿಲ್ಲ, ಚೆನ್ನಾಗೇ ನುಡಿಸುತ್ತಾನೆ ಅಂದುಕೊಂಡ. ಹೆಂಡತಿ ಅವನ ಭುಜಕ್ಕೆ ತಲೆ ಆನಿಸಿದಳು. ಅವಳು ಹೀಗೆ ಸುಖವಾಗಿ ಕೂತು ಎಷ್ಟೋ ದಿನವಾಗಿತ್ತು. ಅವನಿಗೂ ಹಿತವಾಗಿತ್ತು. ನಿಲ್ಲಿಸಲು ಹೆದರಿಕೆಯೂ ಆಗುತ್ತಿತ್ತು.

ಹಾಡು ತಾನೇ ಮುಗಿಯಿತು.

"ಇನ್ನೊಂದು, ಅಪ್ಪ, ಇನ್ನೊಂದು!"

ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದ. ಮೂವರೂ ಬಗ್ಗಿ ನೋಡಿದರು. ತಗಡಿನ ಹೊಳಪಿನಲ್ಲಿ ಮೂರು ನಗುಮುಖಗಳು ಒತ್ತೊತ್ತಾಗಿ ಸೇರಿದ್ದವು. ನಾಲ್ಕನೆಯದು ಇರಬೇಕಾದ ಜಾಗದಲ್ಲಿ ಅವನದೇ ಉಸಿರಿನ ಮಂಜು. ಒರೆಸಲು ಬೆರಳೆತ್ತಿದ, ಒರೆಸಲಿಲ್ಲ.