ಎಳೆ ಹರಿದಿರಬೇಕು

ಹಿಂದಿನ ಸಾಲಿನ ತುದಿಯಲ್ಲಿ ನಿಂತ ಆ ನರೆಗಡ್ಡದವರ ಬಾಯಿ ಮುಚ್ಚಿತು, ಹಾಡು ನಿಲ್ಲಲಿಲ್ಲ, ಅದು ಹೇಗೆ, ಮೇಘನಾ ಕತ್ತು ಚಾಚಿ ನೋಡಿದಳು, ಅವರು ಮೂಗಿನಿಂದ ಉಸಿರೆಳೆದುಕೊಂಡರು, ಎದೆ ಮೇಲೆದ್ದಿತು, ಮತ್ತೆ ಬಾಯಿ ತೆರೆದರು, ದನಿ ಎಲ್ಲಿ ಬಿಟ್ಟುಹೋಗಿತ್ತು, ಎಲ್ಲಿ ಬಂದು ಸೇರಿತು, ಒಂದೂ ತಿಳಿಯಲಿಲ್ಲ — ಸದ್ದಾಗಬಾರದೆಂದು ಚರ್ಚಿನ ಫ್ಯಾನುಗಳನ್ನೆಲ್ಲ ಆರಿಸಿದ್ದಾರೆ, ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಮೈಸೂರಿನಿಂದ ಹಾಡಲು ಬಂದ ನಲವತ್ತು ಜನ, ಮೈಕಿಲ್ಲ, ವಾದ್ಯವಿಲ್ಲ, ಬರೀ ಗಂಟಲು, ಪಕ್ಕದಲ್ಲಿ ಅತ್ತೆ ರಂಗಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ಅಲ್ಲಾ ಕಣವ್ವಾ, ಒಂದು ಆಡು ಆಡಾಕೆ ಇಷ್ಟೊಂದು ಜನವಾ, ಇವ್ರ್ಗೆಲ್ಲ ಉಣ್ಣಾಕಿಕ್ದೋರು ಯಾರು. ಶ್, ಅತ್ತೆ. ಇಲ್ಲಿಗೆ ಕರೆದವಳು ಜಸಿಂತ, ಎಂ.ಎ. ಓದುವಾಗ ಹಾಸ್ಟೆಲಿನ ಜೊತೆಗಾತಿ, ಈಗ ಕೊಳ್ಳೇಗಾಲದಲ್ಲೇ ಟೀಚರು, ಮೊಬೈಲಲ್ಲಿ ಕೇಳಿದ್ರೆ ಅದು ಬರೀ ಹಾಡು ಕಣೇ, ಎದುರಿಗೆ ಕೂತು ಕೇಳು, ಅವರ ಉಸಿರು ಕಾಣುತ್ತೆ, ಒಬ್ಬರು ಉಸಿರು ತಗೊಳ್ಳುವಾಗ ಪಕ್ಕದವರು ಬಿಡದೆ ಹಿಡಿದಿರ್ತಾರೆ, ಅಂದಿದ್ದಳು. ಎಂಟು ತಿಂಗಳಿಂದ ಮೇಘನಾ ಮೊಬೈಲಲ್ಲಿ ಕೇಳುವುದು ಒಂದನ್ನೇ, ಗಂಡ ಶಿವಪ್ರಕಾಶನ ದನಿಯ ಹದಿನೇಳು ಸೆಕೆಂಡು, ಮೊಬೈಲನ್ನು ಮಗ್ಗದ ಮರದ ಮೇಲಿಟ್ಟು ನೇಯುತ್ತಲೇ ಕಳಿಸಿದ್ದು, ಮೇಘೂ, ಬರ್ತಾ ಕರಿಬೇವು ತಕಂಬಾ, ಮರೀಬ್ಯಾಡ, ಆಮೇಲೆ ಮೂಗು ಏರಿಸುವುದು, ಆಮೇಲೆ ಟಕ್, ಟಕ್, ಅಷ್ಟೇ, ಮೊದಮೊದಲು ಅದು ಅವನೇ ಆಗಿತ್ತು, ಈಗ ಅಲ್ಲ, ಎಲ್ಲಿ ಏನು ಬರುತ್ತದೆಂದು ಅವಳಿಗೆ ಬಾಯಿಪಾಠ, ಬದುಕಿರುವವರು ಮುಂದೇನು ಅನ್ನುತ್ತಾರೋ ಮೊದಲೇ ಗೊತ್ತಿರುವುದಿಲ್ಲ, ಈ ನಲವತ್ತು ಜನರ ಹಾಗೆ, ಇವರು ಮುಂದಿನ ಗಳಿಗೆ ತಪ್ಪಬಹುದು, ಕೆಮ್ಮಬಹುದು, ನಿಲ್ಲಬಹುದು, ಅದಕ್ಕೇ ಅವಳು ಕಣ್ಣು ಕೀಳದೆ ಕೂತಿದ್ದಾಳೆ.

ಎಡಗೈ ಮುಷ್ಟಿಯಲ್ಲಿ ಮಗ್ಗದ ಕೋಣೆಯ ಬೀಗದ ಕೈ ಬಿಸಿಯಾಗಿದೆ, ಗಂಡ ತೀರಿಕೊಂಡ ದಿನದಿಂದ ಅದನ್ನು ಅವಳು ಯಾರಿಗೂ ಕೊಟ್ಟಿಲ್ಲ, ನಾಳೆ ಬೆಳಿಗ್ಗೆ ಚಿಕ್ಕಮಾದಯ್ಯ ಬರುತ್ತಾನೆ, ಶಿವಪ್ರಕಾಶನ ಕೈಗೆ ಮೊದಲು ಲಾಳಿ ಕೊಟ್ಟು ನೇಯ್ಗೆ ಕಲಿಸಿದವನು, ಅರ್ಧಕ್ಕೆ ನಿಂತ ಸೀರೆಯನ್ನು ಮುಗಿಸುತ್ತೇನೆ ಅನ್ನುತ್ತಾನೆ, ರೇಷ್ಮೆ ಆಸು ಇಂಗೇ ಬುಟ್ರೆ ಕೆಟ್ಟೋಯ್ತದೆ ಕಣವ್ವಾ, ಇನ್ನೊಂದು ತಿಂಗ್ಳು ಕಳುದ್ರೆ ಕೈಯಿಟ್ಟಂಗೇ ಕಿತ್ಕತ್ತದೆ, ಆಮೇಲೆ ಅವ್ನು ನೇದಿದ್ದೂ ಯಾರ್ಗೂ ಇಲ್ದಂಗೆ ಕುಯ್ದಾಕ್ಬೇಕು. ಗೊತ್ತು. ಆದರೆ ಕೈ ಬದಲಾದ ಕಡೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ, ನೇಯುವಾಗ ಎಳೆಯನ್ನು ಬಡಿದು ಕೂರಿಸುವ ಏಟಿನ ತೂಕ ಒಬ್ಬೊಬ್ಬರದು ಒಂದೊಂದು, ಶಿವಪ್ರಕಾಶನೇ ಬೆರಳಿಟ್ಟು ತೋರಿಸಿದ್ದ, ನೋಡು, ಇಲ್ಲಿ ನಂಗೆ ಜ್ವರ ಬಂದಿತ್ತು. ಆ ಗೆರೆ ಬಿದ್ದರೆ ಅದು ಎಲ್ಲಿ ಅನ್ನುವುದು ಸೀರೆ ಉಟ್ಟವಳ ಮೈಮೇಲೂ ಕಾಣುತ್ತದೆ, ಅವನು ನಿಂತದ್ದು ಇಲ್ಲಿ, ಇವಳು ಬಂದು ನೋಡದೇ ಇದ್ದದ್ದು ಇಲ್ಲಿ. ಆ ಕೋಣೆಯಲ್ಲಿ ಈಗಲೂ ಲಾಳಿ ಆಚೆಗೂ ಮುಟ್ಟದೆ ಈಚೆಗೂ ಬಾರದೆ ಉದ್ದೆಳೆಗಳ ಹಾಸಿನ ನಡುವೆ ನಿಂತಿದೆ. ಅವತ್ತು ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು, ಮಗ್ಗದ ಟಕ್ ಟಕ್ ಟಕ್, ನಿಂತಿತು. ಎಳೆ ಹರಿದಿರಬೇಕು. ಅವಳು ಹೊನ್ನೂರಿನ ಬೇಸಾಯದ ಮನೆಯಿಂದ ಬಂದವಳು, ಮದುವೆಯಾದ ಹೊಸತರಲ್ಲಿ ಮಗ್ಗ ಸುಮ್ಮನಾದಾಗಲೆಲ್ಲ ಓಡಿಹೋಗಿ ಇಣುಕುತ್ತಿದ್ದಳು, ಅತ್ತೆ ನಕ್ಕೂ ನಕ್ಕೂ, ಯಾಕವ್ವಾ, ಗಂಡ ಎದ್ದು ಓಡೋಯ್ತಾನೆ ಅಂತ್ಲಾ, ಎಳೆ ಅರ್ದಿರ್ತದೆ, ಗಂಟಾಕ್ತಾವ್ನೆ, ಸುಮ್ಕಿರು, ತಾನೇ ಸುರುವಾಯ್ತದೆ. ಕಲಿತಳು. ಅವತ್ತೂ ಸುಮ್ಮನಿದ್ದಳು, ಒಗ್ಗರಣೆ ಹಾಕಿದಳು, ಸಾರು ಕುದಿಸಿದಳು, ಉಪ್ಪು ನೋಡಿದಳು, ಗಂಟು ದೊಡ್ಡದಿರಬೇಕು ಅಂದುಕೊಂಡಳು, ತಟ್ಟೆ ಹಾಕಿ ಕರೆಯಲು ಹೋದಾಗ ಅವನು ಮಗ್ಗದ ಮೇಲೆ ಬಾಗಿದ್ದ, ಕೆನ್ನೆ ಸೀರೆಯ ಮೇಲೆ, ಲಾಳಿ ಹಾಸಿನ ನಡುವೆ. ಎದೆಯದು, ಇನ್ನೊಂದಿಷ್ಟು ಮುಂಚೆ ಕರಕೊಂಡು ಬಂದಿದ್ದರೆ, ಅಂದಿದ್ದರು ಆಸ್ಪತ್ರೆಯಲ್ಲಿ, ಎಷ್ಟು ಮುಂಚೆ ಎಂದು ಅವಳು ಕೇಳಲಿಲ್ಲ, ಆ ಸಾರಿನ ಮಾತು ಯಾರಿಗೂ ಹೇಳಲಿಲ್ಲ, ಅತ್ತೆಗಂತೂ —

ಮುಂದೆ ನಿಂತು ಹಾಡಿಸುವವರು ಮೇಲೆತ್ತಿದ ಕೈಯನ್ನು ಮುಷ್ಟಿ ಮಾಡಿದರು, ನಲವತ್ತು ದನಿ ಒಟ್ಟಿಗೆ ನಿಂತುಹೋಯಿತು. ಮುಗಿದದ್ದೋ ನಡುವೆ ನಿಂತದ್ದೋ, ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈ ಇನ್ನೂ ಮೇಲೆಯೇ ಇದೆ, ಹೊರಗೆ ದೂರದಲ್ಲೊಂದು ಬಸ್ಸಿನ ಹಾರನ್ನು, ಎಳೆ ಹರಿದಿರಬೇಕು, ಅಯ್ಯೋ ಬೇಡ, ಎದ್ದು ಹೋಗಿ ನೋಡಬೇಕು, ಈಗಲೇ, ಅವಳ ಮೊಣಕಾಲು ತಾನಾಗಿಯೇ ನೆಟ್ಟಗಾಗತೊಡಗಿತು, ಆಗ ಅತ್ತೆಯ ಕೈ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು, ಬೀಸುತ್ತಿದ್ದ ಸೆರಗು ನಿಂತಿದೆ, ರಂಗಮ್ಮ ಇವಳ ಕಡೆ ನೋಡುತ್ತಿಲ್ಲ, ಹಾಡುವವರ ಕಡೆಯೇ ನೋಡುತ್ತ ಪಿಸುಗುಟ್ಟಿದಳು, ಅವತ್ತು ನಾನೂ ಜಗ್ಲಿ ಮೇಲೇ ಅವ್ರೆಕಾಯಿ ಸುಲೀತಿದ್ನಲ್ಲವ್ವಾ, ಮಗ್ಗ ನಿಂತಿದ್ದು ನಂಗೂ ಕೇಳುಸ್ತು, ನಾನೂ ಎಳೆ ಅರ್ದದೆ ಅಂದ್ಕಂಡೆ. ಮೇಘನಾಳ ಮುಷ್ಟಿ ಯಾವಾಗ ಬಿಚ್ಚಿತೋ, ಬೀಗದ ಕೈಯ ಹಲ್ಲುಗಳು ಅಂಗೈಯಲ್ಲಿ ಅಚ್ಚೊತ್ತಿದ್ದವು, ರಂಗಮ್ಮ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ನಿಧಾನವಾಗಿ, ಎರಡು ಸುತ್ತು. ಮೇಲೆತ್ತಿದ ಕೈ ಬಿಚ್ಚಿತು, ಹಾಡು ಎದ್ದಿತು, ಮೊದಲ ಸಾಲು, ನಡುವಿನ ಸಾಲು, ಹಿಂದಿನ ಸಾಲು, ತುದಿಯಲ್ಲಿ ಆ ನರೆಗಡ್ಡದವರ ಬಾಯಿ ಮಾತ್ರ ಮುಚ್ಚಿಯೇ ಇದೆ, ಅವರ ಸರದಿ ಇನ್ನೂ ಬಂದಿಲ್ಲವೇನೋ, ಪಕ್ಕದವರು ಹಿಡಿದಿದ್ದಾರೆ, ಹಿಡಿದೇ ಇದ್ದಾರೆ, ಈಗ ತೆರೆಯುತ್ತಾರೆ, ಈಗ, ನಾಳೆ ಚಿಕ್ಕಮಾದಯ್ಯ ಬಾಗಿಲು ತೆಗೆಯುತ್ತಾನೆ, ದೂಳು ಊದುತ್ತಾನೆ, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರುತ್ತಾನೆ, ಕೈ ಚಾಚುತ್ತಾನೆ, ಆಚೆಗೂ ಮುಟ್ಟದೆ ಈಚೆಗೂ ಬಾರದೆ ಲಾಳಿ, ಹಾಸಿನ ನಡುವೆ ಲಾಳಿ, ನಡುವೆ