ಕಂಪ್ಯೂಟರಿಗೆ ಹಿಡಿದ ಹೊಗೆ

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದವನೇ ಮುರಳಿಕೃಷ್ಣ ಮೂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಹೊಸೂರಿನಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಊರಿನ ಧೂಳನ್ನೆಲ್ಲ ಕುಡಿದವನು. ಅಂಥವನೇ ಹೀಗೆ ಸರಿದದ್ದನ್ನು ನೋಡಿ, ಅದನ್ನು ಹೊತ್ತು ತಂದಿದ್ದ ಭಾನುವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಳಗಿದ್ದದ್ದನ್ನು ಧೂಳು ಅನ್ನುವ ಹಾಗಿರಲಿಲ್ಲ. ಹಂಚಿನ ತಳಕ್ಕೆ ಹಿಡಿದ ಹಾಗೆ ಕಪ್ಪಗೆ, ಅಂಟಂಟಾಗಿ ಮಸಿ ಕಟ್ಟಿತ್ತು. ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳಿಗೆ ತುಪ್ಪಳ ಬಂದಂತಿತ್ತು. ಅದರ ಕೆಳಗೆ ಶಾಖ ಹೊರಹಾಕಲು ಇರುವ ತೆಳು ಪಟ್ಟಿಗಳ ನಡುವೆ ಒಂದಾದರೂ ಸಂದು ಕಾಣಬೇಕಲ್ಲ, ಇಲ್ಲ. ಮಸಿಯ ತುಂಬ ಜಿರಳೆಯ ಕಾಲು, ಜಿರಳೆಯ ರೆಕ್ಕೆ. ಮೂಲೆಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ ಎರಡು, ಪಕ್ಕದಲ್ಲಿ ಒಣಗಿ ಚಪ್ಪಟೆಯಾದ ಹಲ್ಲಿ ಒಂದು.

ಮುರಳಿಕೃಷ್ಣ ಗಾಳಿ ಊದುವ ಮಿಷನ್ ತಂದು ಒಂದೇ ಒಂದು ಸಲ ಊದಿದ. ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ಇದ್ದವರೆಲ್ಲ ಕೆಮ್ಮತೊಡಗಿದರು. ಕಣ್ಣಲ್ಲಿ ಉರಿ, ಗಂಟಲಲ್ಲಿ ಉರಿ. ಪ್ರಿಂಟರ್ ರಿಪೇರಿಗೆ ಬಂದಿದ್ದ ಒಬ್ಬ ಮನುಷ್ಯ ತಮಿಳಿನಲ್ಲಿ ಬೈಯುತ್ತ ಮೆಟ್ಟಿಲಿಳಿದು ಹೋದ.

“ಏನಮ್ಮಾ ಇದು, ಕಂಪ್ಯೂಟರಾ, ಒಗ್ಗರಣೆ ಬಾಂಡ್ಲಿನಾ?” ಎಂದ ಮುರಳಿಕೃಷ್ಣ, ಕಣ್ಣೊರೆಸಿಕೊಳ್ಳುತ್ತ.

ಅದು ಮೆಣಸಿನಕಾಯಿ ಹೊಗೆಯ ಮಸಿ ಎಂದು ಭಾನು ತಲೆ ತಗ್ಗಿಸಿಕೊಂಡು ಹೇಳಿದಳು. ಅವಳ ಊರು ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿಗೆ. ರಾಗಿ ತೆನೆ ಬಲಿಯುತ್ತಿದ್ದ ಹಾಗೆ ಆನೆಗಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಅದಕ್ಕೇ ಅವಳಪ್ಪ ಶ್ಯಾಮಣ್ಣ ಬೆರಣಿಗೆ ಒಣಮೆಣಸಿನಕಾಯಿ ಪುಡಿ, ಹೊಗೆಸೊಪ್ಪು, ಟ್ರ್ಯಾಕ್ಟರಿನಿಂದ ಇಳಿಸಿದ ಹಳೇ ಆಯಿಲ್ಲು ಎಲ್ಲ ಬಾಂಡ್ಲಿಯಲ್ಲಿ ಬೆರೆಸಿ, ದಿನಾ ಸಂಜೆ ಬದುವಿನ ಮೇಲೆ ಹೊಗೆ ಹಾಕುತ್ತಾನೆ. ಆ ಘಾಟಿಗೆ ಆನೆ ಹತ್ತಿರ ಸುಳಿಯುವುದಿಲ್ಲ. ಭಾನುವಿನ ಕಂಪ್ಯೂಟರ್ ಇದ್ದದ್ದು ಆ ಹೊಲದ ಕಡೆಯ ಕಿಟಕಿಯ ಕೆಳಗೇ. ಆಟ ಆಡುವಾಗ ಮಿಷನ್ ಕಾಯುತ್ತದೆ, ಬೆಟ್ಟದ ತಣ್ಣನೆ ಗಾಳಿ ಬಡಿಯಲಿ ಎಂದು ಅವಳೇ ಬುದ್ಧಿ ಉಪಯೋಗಿಸಿ ಅಲ್ಲಿಟ್ಟಿದ್ದಳು. ಏಳು ವರ್ಷ ಅದು ಗಾಳಿಯ ಜೊತೆ ಅಪ್ಪನ ಹೊಗೆಯನ್ನೂ ಎಳೆದುಕೊಂಡಿತ್ತು.

ಇಷ್ಟು ಹೇಳಿದವಳು ತಾನು ಮಾಡುವ ಕೆಲಸ ಯಾವುದು ಎಂದು ಮಾತ್ರ ಬಾಯಿ ಬಿಡಲಿಲ್ಲ. ಹೇಳಲು ಮುಖ ಎಲ್ಲಿತ್ತು? ಹೊಸೂರಿನ ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಅವಳದು ಪರೀಕ್ಷೆಯ ಕೆಲಸ. ತಲೆಗೆ ಟೋಪಿ, ಕೈಗೆ ಗ್ಲೌಸು ಹಾಕಿಕೊಂಡು ದಿನಕ್ಕೆ ಎಂಟು ಗಂಟೆ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡುತ್ತಾಳೆ. ಒಂದು ಕೂದಲು ಕಂಡರೆ ಇಡೀ ಟ್ರೇ ವಾಪಸ್ಸು. ಹೋದ ತಿಂಗಳು ಹೊಸದಾಗಿ ಸೇರಿದ ಸೆಲ್ವಿಯನ್ನು, ಬೋರ್ಡಿನ ಮೇಲೆ ಬೆರಳ ಗುರುತು ಬಿಟ್ಟಳೆಂದು, ಎಲ್ಲರೆದುರಿಗೇ ಬೈದು ಅಳಿಸಿದ್ದಳು. ಅಂಥವಳ ಮನೆಯ ಮಿಷನ್ನಿನೊಳಗೆ ಹಲ್ಲಿಯ ಬಾಣಂತನ ನಡೆದಿತ್ತು. ಥೂ, ನನ್ನ ಜನ್ಮಕ್ಕಿಷ್ಟು, ಎಂದು ಮನಸ್ಸಿನಲ್ಲೇ ಉಗಿದುಕೊಂಡಳು.

ಅವಳು ಅಂಗಡಿಗೆ ಬಂದದ್ದು ಮಿಷನ್ ಸ್ವಚ್ಛ ಮಾಡಿಸಲು ಅಲ್ಲ, ಹೊಸ ಪ್ರೊಸೆಸರ್ ಮತ್ತು ಮೆಮೊರಿ ಹಾಕಿಸಬೇಕೋ ಬೇಡವೋ ಎಂದು ಕೇಳಲು. ಐದು ಜನರ ಒಂದು ತಂಡದಲ್ಲಿ ಆನ್‌ಲೈನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದಳು. ತಂಡದಲ್ಲಿ ಹೆಣ್ಣು ಇವಳೊಬ್ಬಳೇ. ಕೃಷ್ಣಗಿರಿಯ ರಮೇಶ್ ಅದರ ನಾಯಕ. ದೀಪಾವಳಿಯಿಂದೀಚೆಗೆ ಸೋತ ಮೂರು ಪಂದ್ಯದಲ್ಲೂ ಮೊದಲು ಸತ್ತವಳು ಭಾನು. ಮೂರು ಸಲವೂ ಅವಳು ಹೇಳಿದ್ದು ಒಂದೇ ಮಾತು, ಮಿಷನ್ ನಿಂತುಹೋಯಿತು. ರಮೇಶ್ ಒಳ್ಳೆಯವನೇ, ಆದರೆ ಅವನಿಗೂ ಸಾಕಾಗಿತ್ತು. ಭಾನುವಾರದ ಪಂದ್ಯದೊಳಗೆ ಮಿಷನ್ ಸರಿಮಾಡಿಸಿಕೋ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿಬಿಟ್ಟಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಕಂಪನಿ ಬಸ್ಸು ಹಿಡಿಯುವ ಹುಡುಗಿಗೆ ತನ್ನದು ಅಂತ ಇದ್ದದ್ದು ಆ ತಂಡ ಒಂದೇ.

ಪ್ರೊಸೆಸರ್ ಮುದಿಯಾಗಿದೆ, ಮೆಮೊರಿ ಎಂಟು ಜಿಬಿ ಸಾಲದು, ಹದಿನಾರು ಬೇಕೇ ಬೇಕು, ಎಂದು ಮುರಳಿಕೃಷ್ಣ ಮಿಷನ್ ನೋಡುವ ಮೊದಲೇ ಫೋನಿನಲ್ಲಿ ಹೇಳಿದ್ದ. ಈಗ ಒಳಗಿನ ನರಕ ನೋಡಿದ ಮೇಲೂ ಅದನ್ನೇ ಹೇಳಿದ. ಮೊದಲು ತೊಳೆದು ನೋಡೋಣ ಎಂದು ಭಾನು ಹೇಳಿದ್ದಕ್ಕೆ, ಆ ಕೊಳಕು ಮುಟ್ಟುವವರು ತನ್ನಲ್ಲಿ ಯಾರೂ ಇಲ್ಲ ಎಂದು ಮುಖ ಸಿಂಡರಿಸಿದ. ಭಾನು ಬ್ರಷ್ಷು, ಸ್ಪಿರಿಟ್ಟು ಕೇಳಿ ಪಡೆದು ಅಂಗಡಿಯ ಹಿಂದಿನ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹಲ್ಲಿಯನ್ನು ಕಾಗದದಲ್ಲಿ ಎತ್ತಿ ಎಸೆದಳು. ಮೂರು ಗಂಟೆ ಉಜ್ಜಿದಳು. ಉಜ್ಜಿದಷ್ಟೂ ಕರಿ ನೀರು ಬಂತು, ಸೀನು ಬಂತು, ಎರಡು ಸಲ ವಾಕರಿಕೆಯೂ ಬಂತು. ತೊಳೆಯುವ ಮುಂಚೆ ಆಟ ಹಾಕಿದರೆ ತೊಂಬತ್ತೆಂಟು ಡಿಗ್ರಿ ಕಾಯುತ್ತಿದ್ದ ಪ್ರೊಸೆಸರ್, ಆಮೇಲೆ ಅರವತ್ತೇಳಕ್ಕೆ ನಿಂತಿತು. ಮುದಿತನವೂ ಅಲ್ಲ, ಮಣ್ಣೂ ಅಲ್ಲ, ಪಾಪ ಅದಕ್ಕೆ ಉಸಿರು ಕಟ್ಟಿತ್ತು ಅಷ್ಟೇ.

ಮುರಳಿಕೃಷ್ಣನಿಗೆ ನಾಚಿಕೆ ಅನ್ನುವುದು ಇರಲಿಲ್ಲ. ಏನೇ ಆಗಲಿ ಏಳು ವರ್ಷದ ಮಾಲು, ನಂಬಬೇಡ, ಹೊಸ ಪ್ರೊಸೆಸರ್, ಮೆಮೊರಿ ಒಂದು ಜೊತೆ ತೆಗೆದಿಟ್ಟಿರುತ್ತೇನೆ, ಸೋಮವಾರದೊಳಗೆ ಹೇಳು ಎಂದ. ಇಂಥವರಿಂದಲೇ ಊರು ಹಾಳು ಎಂದು ಭಾನು ಹಲ್ಲು ಕಚ್ಚಿದಳು. ಆದರೂ ಬೇಡ ಅನ್ನಲಿಲ್ಲ. ಭಾನುವಾರ ನೋಡಿ ಹೇಳುತ್ತೇನೆ ಎಂದಳು. ಯಾಕೆ ಹಾಗಂದೆ ಎಂದು ಬಸ್ಸಿನಲ್ಲಿ ಕೂತ ಮೇಲೂ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಕಾರಿಕೊಂಡಳು. ನಿನ್ನ ಹೊಗೆಯಿಂದ ಜನರ ಮುಂದೆ ಮಾನ ಹೋಯಿತು, ಹೊಲಸು, ಗಬ್ಬು, ಇನ್ನೂ ಏನೇನೋ ಅಂದಳು. ಶ್ಯಾಮಣ್ಣ ಬೀಡಿ ಆರಿಸಿ ಎಲ್ಲ ಕೇಳಿಸಿಕೊಂಡ. ಆನೆ ಬಂದರೆ ಏನು ಮಾಡುವುದು ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ.

“ನಿನ್ನಾಟ ಎಷ್ಟೊತ್ಗಮ್ಮಿ?” ಎಂದ.

ಭಾನುವಾರ ಐದೂವರೆಗೆ ಎಂದಳು.

“ಆಗ್ಲಿ ಬುಡು. ಅದು ಮುಗಿಯೋಗಂಟ ನಾನು ಹಚ್ಚಾಕಿಲ್ಲ.”

ಭಾನುವಾರ ಸಂಜೆ ಅಕ್ಕಪಕ್ಕದ ಹೊಲದವರೆಲ್ಲ ಹೊಗೆ ಎಬ್ಬಿಸಿದ್ದರು. ಶ್ಯಾಮಣ್ಣ ಒಬ್ಬನೇ ಹಚ್ಚದ ಬಾಂಡ್ಲಿ ಮುಂದಿಟ್ಟುಕೊಂಡು, ಬೆಂಕಿಪೊಟ್ಟಣ ಕೈಲಿ ಹಿಡಿದು, ಕಾಡಿನ ಕಡೆ ಮುಖ ಮಾಡಿ ಬದುವಿನ ಮೇಲೆ ಕೂತಿದ್ದ. ಭಾನು ಕಿಟಕಿ ಮುಚ್ಚಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಮಿಷನ್ ನೀರು ಹರಿದ ಹಾಗೆ ನಡೆಯಿತು. ಒಂದು ಸಲವೂ ತಡವರಿಸಲಿಲ್ಲ. ಇಷ್ಟು ವರ್ಷ ಇದರ ಮೇಲೆ ಎಷ್ಟು ಹರಿಹಾಯ್ದಿದ್ದೆ ಎಂದು ಅವಳಿಗೆ ಒಳಗೊಳಗೇ ಪಾಪ ಅನ್ನಿಸಿತು. ಪಂದ್ಯ ಸಮಸಮನಾಗಿ ಹೋಗಿ ಕೊನೆಯ ಸುತ್ತಿಗೆ ಬಂತು. ತಮ್ಮವರಲ್ಲಿ ಉಳಿದವಳು ಅವಳೊಬ್ಬಳು, ಎದುರಿಗೂ ಒಬ್ಬ. ಅವನು ಬಾಗಿಲಿನಿಂದ ಬಂದ. ಬಂದದ್ದು ಚೆನ್ನಾಗಿ ಕಂಡಿತು, ಅವನ ಕಾಲು, ಬಂದೂಕಿನ ತುದಿ, ಎಲ್ಲವೂ. ಭಾನುವಿನ ಕೈ ಮಾತ್ರ ಬೇರೆ ಕಡೆ ಹೋಯಿತು. ಮೂರು ಗುಂಡು ಗೋಡೆಗೆ ಬಿದ್ದವು. ಅವನು ನಿಧಾನವಾಗಿ ತಿರುಗಿ ಅವಳನ್ನು ಹೊಡೆದ.

ಅದೇ ಬಾಗಿಲು, ಅದೇ ತಪ್ಪು. ಹಿಂದಿನ ಪಂದ್ಯದಲ್ಲೂ ಹೀಗೇ ಆಗಿತ್ತು. ಆವತ್ತು ಮಿಷನ್ ನಿಂತದ್ದು ನಿಜವೇ, ಆದರೆ ನಿಂತದ್ದು ಗುಂಡು ಗೋಡೆಗೆ ಬಿದ್ದ ಮೇಲೆ. ಅದು ಅವಳಿಗೆ ಆವತ್ತೇ ಗೊತ್ತಿತ್ತು.

ಹೆಡ್‌ಫೋನಿನಲ್ಲಿ ರಮೇಶ್ ಮೆತ್ತಗೆ ಕೇಳಿದ.

“ಏನಮ್ಮಾ ಭಾನು, ಇವತ್ತೂ ನಿಂತೋಯ್ತಾ?”

ಹೂಂ ಅಂದರೆ ಮುಗಿಯಿತು. ತೊಳೆದರೂ ಆಗಲಿಲ್ಲ, ಪ್ರೊಸೆಸರೇ ಮುದಿ, ನಾಳೆಯೇ ಹೊಸದು ಹಾಕಿಸುತ್ತೇನೆ ಅಂದರೆ ರಮೇಶ್ ನಂಬುತ್ತಾನೆ, ಇನ್ನೊಂದು ಅವಕಾಶ ಕೊಡುತ್ತಾನೆ. ಮುರಳಿಕೃಷ್ಣ ಅದಕ್ಕೆಂದೇ ಒಂದು ಜೊತೆ ತೆಗೆದಿಟ್ಟಿದ್ದಾನೆ. ಬೇಡ ಎನ್ನದೆ ಬಂದದ್ದು ಯಾಕೆಂದು ಭಾನುವಿಗೆ ಈಗ ತಿಳಿಯಿತು. ತಿಳಿದ ಕೂಡಲೇ ಆವತ್ತು ಮಸಿ ಉಜ್ಜುವಾಗ ಬಂದ ವಾಕರಿಕೆಯೇ ಮತ್ತೆ ಬಂತು.

“ಇಲ್ಲ ರಮೇಶಣ್ಣ,” ಎಂದಳು. “ಮಿಷನ್ ಚೆನ್ನಾಗೇ ಇತ್ತು. ಗುರಿ ತಪ್ಪಿದ್ದು ನಾನು. ಹೋದ್ಸಲಾನೂ ನಾನೇ.”

ರಮೇಶ್ ಏನೂ ಬೈಯಲಿಲ್ಲ. ಸರಿ ಬಿಡಮ್ಮ, ಹೇಳಿದ್ದು ಒಳ್ಳೆಯದಾಯಿತು ಎಂದ. ಮುಂದಿನ ವಾರದಿಂದ ಹೊಸೂರಿನ ಇನ್ನೊಬ್ಬ ಹುಡುಗ ಆಡುತ್ತಾನೆ, ಬೇಜಾರು ಮಾಡಿಕೊಳ್ಳಬೇಡ ಎಂದೂ ಅಂದ. ಎಲ್ಲರೂ ಒಬ್ಬೊಬ್ಬರಾಗಿ ಹೊರಟುಹೋದರು.

ಕಿಟಕಿಯ ಮೇಲೆ ಯಾರೋ ಬೆರಳಿನಿಂದ ಬಡಿದರು. ತೆಗೆದರೆ ಅಪ್ಪ, ಕೈಯಲ್ಲಿ ಬೆಂಕಿಪೊಟ್ಟಣ.

“ಆಯ್ತೇನಮ್ಮಿ? ಹಚ್ಲಾ?”

“ಹಚ್ಚಪ್ಪ,” ಎಂದಳು.

ಅವನು ಗೆದ್ದೆಯಾ ಸೋತೆಯಾ ಕೇಳಲಿಲ್ಲ, ಬಿರಬಿರನೆ ಬದುವಿನ ಕಡೆ ನಡೆದ. ಭಾನು ಕಂಪ್ಯೂಟರ್ ಆರಿಸಿ, ವಯರು ಕಿತ್ತು, ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ನಡುಮನೆಯ ಒಳಗೋಡೆಯ ಹತ್ತಿರ ಇಟ್ಟಳು. ಅಲ್ಲಿಂದ ಹೊಲ ಕಾಣುತ್ತಿರಲಿಲ್ಲ. ಫೋನ್ ಕುಯ್‌ಗುಟ್ಟಿತು. ಮುರಳಿಕೃಷ್ಣ ಕೇಳಿದ್ದ, ನಾಳೆ ಪ್ರೊಸೆಸರ್, ಮೆಮೊರಿ ಎರಡನ್ನೂ ಹಾಕಿಬಿಡಲಾ ಎಂದು. ಹೊರಗಿನಿಂದ ಮೆಣಸಿನಕಾಯಿಯ ಘಾಟು ಒಳಕ್ಕೆ ನುಗ್ಗಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಂಡು, ಬೇಡ ಎಂದು ಬರೆದು ಕಳಿಸಿದಳು.